ಮೊದಲು ಮೂಲೆ ಖಾಲಿಯಾಗಲಿ: ಬೆಂಗಳೂರಿನ ಬೀದಿ ಪಾರ್ಕಿಂಗ್ ಗೊಂದಲ ಏನು, ಎತ್ತ?

ಬೆಂಗಳೂರಿನ ಬಡಾವಣೆಗಳ ವಾಟ್ಸ್‌ಆಪ್ ಗ್ರೂಪುಗಳಲ್ಲಿ ಪಾರ್ಕಿಂಗ್ ಸುದ್ದಿ ಬಂತು ಅಂದ್ರೆ ಅವತ್ತಿಡೀ ಅದೇ ರಗಳೆ. ಟೋಯಿಂಗ್ ಮತ್ತೆ ಶುರುವಾಗುತ್ತಂತೆ. ಸ್ವಂತ ಮನೆ ಮುಂದೆ ನಿಲ್ಲಿಸಿದ್ರೂ ದುಡ್ಡು ಕಟ್ಟಬೇಕಂತೆ. ಪಾರ್ಕಿಂಗ್ ಜಾಗ ತೋರಿಸದಿದ್ರೆ ಹೊಸ ಕಾರು ರಿಜಿಸ್ಟರ್ ಆಗೋದೇ ಇಲ್ಲವಂತೆ. ಒಬ್ಬರು ಸರ್ಕಾರಕ್ಕೆ ಬೈತಾರೆ, ಇನ್ನೊಬ್ಬರು ಎರಡೆರಡು ಕಾರು ಇಟ್ಟುಕೊಂಡ ಎದುರು ಮನೆಯವರಿಗೆ ಬೈತಾರೆ.

ಈ ಮೂರು 'ಅಂತೆ'ಗಳೂ ಒಂದೇ ವಿಷಯ ಅನ್ನಿಸುತ್ತವೆ. ಆದರೆ ಒಂದೊಂದರ ಉದ್ದೇಶ ಬೇರೆ, ಒಂದೊಂದನ್ನು ಮಾಡಬೇಕಾದವರೂ ಬೇರೆ. ಎಲ್ಲವನ್ನೂ ಕಲಸಿ ಜಗಳ ಆಡೋದರಿಂದ ಒಂದು ವಿಷಯ ಮಾತ್ರ ಯಾವಾಗಲೂ ಮೂಲೆಗೆ ಬೀಳುತ್ತದೆ. ಅದು ಸುರಕ್ಷತೆ. ತಮಾಷೆ ಅಂದ್ರೆ, ಸುರಕ್ಷತೆಯ ಬಹುಪಾಲು ಇರೋದೂ ಮೂಲೆಯಲ್ಲೇ. ರಸ್ತೆಯ ಮೂಲೆಯಲ್ಲಿ.

ಯಾರ ಕೈಯಲ್ಲಿ ಏನಿದೆ

ರಸ್ತೆ ನಗರ ಪಾಲಿಕೆಯದು. ಡಾಂಬರು ಹಾಕೋದು, ಫುಟ್‌ಪಾತ್ ಕಟ್ಟೋದು, ಪಾರ್ಕಿಂಗ್ ಶುಲ್ಕ ವಸೂಲಿ ಮಾಡೋದು ಅವರ ಕೆಲಸ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಒಂದಲ್ಲ, ಐದು ಪಾಲಿಕೆಗಳಿವೆ. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಎಲ್ಲೆಂದರಲ್ಲಿ ನಿಲ್ಲಿಸಿದವರಿಗೆ ದಂಡ ಹಾಕೋದು ಟ್ರಾಫಿಕ್ ಪೊಲೀಸರು. ಗಾಡಿ ನೋಂದಣಿ ಆರ್‌ಟಿಒ ಕಚೇರಿಯದು. ಮನೆ ಕಟ್ಟುವಾಗ ಪಾರ್ಕಿಂಗ್ ಬಿಟ್ಟಿದ್ದಾರಾ ಎಂದು ನಕ್ಷೆ ನೋಡಬೇಕಾದವರು ಮತ್ತೆ ಪಾಲಿಕೆಯವರು, ಆದರೆ ಬೇರೆ ವಿಭಾಗದವರು. ನೀತಿ ಬರೆಯೋದು ನಗರ ಭೂಸಾರಿಗೆ ನಿರ್ದೇಶನಾಲಯ. ಒಂದು ಕಾರು ನಿಲ್ಲೋಕೆ ಇಷ್ಟು ಜನ.

ಈ ನಿರ್ದೇಶನಾಲಯ ಬರೆದ ಪಾರ್ಕಿಂಗ್ ನೀತಿಗೆ ಸರ್ಕಾರ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಮನೆ ಬೀದಿಯಲ್ಲಿ ಕಾರು ನಿಲ್ಲಿಸಲು ವಾರ್ಷಿಕ ಪರ್ಮಿಟ್ ಕೊಡುವ ಪ್ರಸ್ತಾವ ಅದರಲ್ಲಿತ್ತು. ಚಿಕ್ಕ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡ ಎಸ್‌ಯುವಿಗೆ 5,000. ದೊಡ್ಡ ಸುದ್ದಿಯಾಯಿತು, ದೊಡ್ಡ ವಿರೋಧವೂ ಬಂತು. ಪರ್ಮಿಟ್ ಮಾತ್ರ ಕಾಗದದಲ್ಲೇ ಉಳಿಯಿತು.

ಟೋಯಿಂಗ್ ಕಥೆ ಇನ್ನೊಂದು. ಸಿಬ್ಬಂದಿಯ ವರ್ತನೆ ಬಗ್ಗೆ, ಗಾಡಿಗೆ ಪೆಟ್ಟಾಗುವ ಬಗ್ಗೆ ದೂರುಗಳು ಹೆಚ್ಚಾಗಿ 2022ರ ಆರಂಭದಲ್ಲಿ ಅದನ್ನು ನಿಲ್ಲಿಸಲಾಯಿತು. ಮತ್ತೆ ತರುವ ಮಾತು 2025ರಲ್ಲಿ ಎದ್ದಿತು. ಹಳೆಯ ನೆನಪು ಇನ್ನೂ ಹಸಿಯಾಗಿರುವುದರಿಂದ 'ಪಾರ್ಕಿಂಗ್ ನಿಯಮ' ಅಂದ ಕೂಡಲೇ ಜನರ ಕಣ್ಣ ಮುಂದೆ ಬರೋದು ಸ್ಕೂಟರನ್ನು ಎತ್ತಿಕೊಂಡು ಓಡುವ ಲಾರಿ.

ನಿಯಮ ಹೊಸದೇನಲ್ಲ

ಎಲ್ಲಿ ನಿಲ್ಲಿಸಬಾರದು ಅನ್ನೋದು ಕೇಂದ್ರದ 1989ರ ರಸ್ತೆ ನಿಯಮಗಳಲ್ಲೇ ಇತ್ತು. ರಸ್ತೆ ಕೂಡುವ ಕಡೆ ಅಥವಾ ಅದರ ಹತ್ತಿರ ಬೇಡ. ತಿರುವಿನಲ್ಲಿ ಬೇಡ. ಫುಟ್‌ಪಾತ್ ಮೇಲೆ ಬೇಡ. ಸಿಗ್ನಲ್, ಜೀಬ್ರಾ ಪಟ್ಟೆ, ಬಸ್ ಸ್ಟಾಪ್ ಹತ್ತಿರ ಬೇಡ. ಶಾಲೆ, ಆಸ್ಪತ್ರೆ ಬಾಗಿಲಲ್ಲಿ ಬೇಡ. ಬೆಂಕಿ ಆರಿಸುವ ನೀರಿನ ಹೈಡ್ರಂಟ್‌ಗೆ ಅಡ್ಡ ಬೇಡ. ಈಗಾಗಲೇ ಒಂದು ಗಾಡಿ ನಿಂತಿದ್ದರೆ ಅದರ ಎದುರು ಬದಿಯಲ್ಲೂ ಬೇಡ. ಈ ಕೊನೆಯದನ್ನು ಪಾಲಿಸಿದರೆ ಬೆಂಗಳೂರಿನ ಅರ್ಧ ಕ್ರಾಸುಗಳು ಖಾಲಿಯಾಗುತ್ತಿದ್ದವು. 2017ರಲ್ಲಿ ಹೊಸ ನಿಯಮಾವಳಿ ಬಂದು ಹಳೆಯದರ ಜಾಗ ತುಂಬಿತು. ಉದ್ದೇಶ ಬದಲಾಗಲಿಲ್ಲ.

ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಇತರರಿಗೆ ಅಪಾಯವಾಗುವಂತೆ ಗಾಡಿ ಬಿಡಬಾರದು ಅನ್ನುತ್ತದೆ. 127ನೇ ಕಲಂ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಯಾರೂ ನೋಡಿಕೊಳ್ಳದೆ ಬಿಟ್ಟ ಗಾಡಿಯನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಟೋ ಮಾಡಿಸಬಹುದು, ಚಕ್ರಕ್ಕೆ ಲಾಕ್ ಹಾಕಿಸಬಹುದು. ಖರ್ಚು ಮಾಲೀಕರದೇ. ಹತ್ತು ಗಂಟೆ ಅಂದ್ರೆ ಸಂಜೆ ಎಂಟಕ್ಕೆ ಮನೆ ಮುಂದೆ ನಿಲ್ಲಿಸಿ ಬೆಳಗ್ಗೆ ಎಂಟಕ್ಕೆ ತೆಗೆಯುವ ಪ್ರತಿ ಕಾರೂ ಈ ಮಾತಿನ ಒಳಗೆ ಬರಬಹುದು. ಹೀಗೆ ಅಕ್ಷರಕ್ಕಕ್ಷರ ಜಾರಿ ಮಾಡೋಕೆ ಯಾವ ಪೊಲೀಸರಿಗೂ ಆಗಲ್ಲ, ಮಾಡಲೂ ಬಾರದು.

ಅಂದ್ರೆ ಕಾನೂನಿನ ಕೊರತೆ ಇಲ್ಲ. ಕೊರತೆ ಇರೋದು ರಸ್ತೆಯ ಮೇಲೆ. 1989ರ ನಿಯಮ 'ಹತ್ತಿರ' ಎಂದಿತು. ಹತ್ತಿರ ಅಂದ್ರೆ ಎಷ್ಟು? ನೆಲದ ಮೇಲೆ ಬಣ್ಣ ಇಲ್ಲ, ಬೋರ್ಡ್ ಇಲ್ಲ. ಎಷ್ಟು ಮೀಟರ್ ಬಿಡಬೇಕು ಅನ್ನೋ ಸಂಖ್ಯೆಯೇ ತಲೆಯಲ್ಲಿ ಇಲ್ಲದಿದ್ದಾಗ ಡ್ರೈವರ್ ಕಣ್ಣಿಗೆ ಮೂಲೆಯೂ ಇನ್ನೊಂದು ಪಾರ್ಕಿಂಗ್ ಜಾಗವೇ.

ಮೂವತ್ತಡಿ ರಸ್ತೆಯ ಲೆಕ್ಕ

ಈಗ ಟೇಪು ಹಿಡಿಯೋಣ. 30×40 ಅಡಿ ಸೈಟುಗಳಿರುವ ಬಡಾವಣೆಗಳಲ್ಲಿ ಕ್ರಾಸುಗಳು ಸಾಮಾನ್ಯವಾಗಿ 30 ಅಡಿ. ಮೀಟರ್‌ನಲ್ಲಿ 9.14. ಇದು ಕಾಂಪೌಂಡಿನಿಂದ ಕಾಂಪೌಂಡಿಗೆ ಇರುವ ಅಗಲ. ಎರಡೂ ಕಡೆ ಮೋರಿ, ಅದರ ಮೇಲಿನ ಚಪ್ಪಡಿ, ಗೇಟಿನಿಂದ ಇಳಿಯುವ ರ‍್ಯಾಂಪ್, ಗ್ರಿಲ್ ಹಾಕಿದ ಪುಟ್ಟ ಕೈತೋಟ ಸೇರಿ ಒಂದೊಂದು ಮೀಟರ್ ಹೋಯಿತು ಅನ್ನಿ. ಗಾಡಿ ಓಡಾಡೋಕೆ 7 ಮೀಟರ್ ಉಳಿಯಿತು.

ಒಂದು ಸಾಧಾರಣ ಕಾರಿನ ಅಗಲ 1.75 ಮೀಟರ್ ಸುಮಾರು. ಕನ್ನಡಿ, ಅಂಚಿನಿಂದ ಬಿಟ್ಟ ಜಾಗ ಸೇರಿಸಿದರೆ 2 ಮೀಟರ್. ಎರಡೂ ಬದಿ ನಿಲ್ಲಿಸಿದರೆ 4 ಹೋಯಿತು, ನಡುವೆ 3 ಮೀಟರ್ ಉಳಿಯಿತು. ಫೈರ್ ಎಂಜಿನ್‌ನ ಅಗಲ ಸುಮಾರು 2.5 ಮೀಟರ್. ಎರಡೂ ಪಕ್ಕ ಒಂದೊಂದು ಗೇಣು ಬಿಟ್ಟು ಹೇಗೋ ನುಸುಳಿತು ಅಂತಿಟ್ಟುಕೊಳ್ಳಿ. ನುಸುಳಿ ನಿಂತರೆ ಕೆಲಸ ಮುಗಿಯಲ್ಲ. ಪೈಪು, ಏಣಿ, ಉಪಕರಣ ಇರೋದು ವಾಹನದ ಪಕ್ಕದ ಶಟರ್‌ಗಳ ಒಳಗೆ. ಶಟರ್ ಎತ್ತಿ ಭಾರದ ಪೈಪನ್ನು ಎಳೆದುಕೊಂಡು ಓಡಬೇಕಾದ ಸಿಬ್ಬಂದಿಗೆ ಒಂದು ಗೇಣು ಸಾಕಾ?

ಹಳೆಯ ಪೇಟೆ ಭಾಗದಲ್ಲಿ, ರೆವಿನ್ಯೂ ಲೇಔಟುಗಳಲ್ಲಿ 20 ಅಡಿ ರಸ್ತೆಗಳೂ ಇವೆ. 6.1 ಮೀಟರ್. ಮೋರಿ ಕಳೆದರೆ ನಾಲ್ಕೂವರೆ. ಅಲ್ಲಿ ಒಂದೇ ಬದಿ ಕಾರು ನಿಂತರೂ ಫೈರ್ ಎಂಜಿನ್ ಉಸಿರು ಬಿಗಿಹಿಡಿದೇ ಹೋಗಬೇಕು. ಎರಡೂ ಬದಿ ನಿಂತರೆ ಆಟೋ ಕೂಡ ಹೋಗಲ್ಲ.

ಸಿಕ್ಕಿಕೊಳ್ಳೋದು ಬೀದಿಯ ನಡುವೆ ಅಲ್ಲ

ಇಲ್ಲೊಂದು ಸೂಕ್ಷ್ಮ ಇದೆ. ದೊಡ್ಡ ವಾಹನ ಬೀದಿಯ ನಡುವೆ ಹೇಗೋ ದಾಟುತ್ತದೆ, ಮೂಲೆಯಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತದೆ. ಉದ್ದದ ಗಾಡಿ ತಿರುಗುವಾಗ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಬರೋದಿಲ್ಲ. ಅದು ಒಳಗಿನಿಂದ, ಮೂಲೆಗೆ ಒತ್ತಿಕೊಂಡು ಬರುತ್ತದೆ. ನೀರಿನ ಟ್ಯಾಂಕರ್ ಮೇನ್ ರೋಡಿನಿಂದ ಕ್ರಾಸಿಗೆ ತಿರುಗೋದನ್ನು ಗಮನಿಸಿ ನೋಡಿ. ಹಿಂದಿನ ಚಕ್ರ ಮೂಲೆಯ ಚಪ್ಪಡಿಯನ್ನು ಸವರಿಕೊಂಡೇ ಹೋಗುತ್ತದೆ. ಆ ಮೂಲೆಯ ಚಪ್ಪಡಿ ಪದೇ ಪದೇ ಮುರಿಯೋದು ಅದಕ್ಕೇ. ಅಲ್ಲೊಂದು ಕಾರು ನಿಂತಿದ್ದರೆ ಟ್ಯಾಂಕರ್ ಡ್ರೈವರ್ ಹಾರ್ನ್ ಹೊಡೆದು ಓನರ್ ಬರೋವರೆಗೆ ಕಾಯುತ್ತಾನೆ. ಬೆಂಕಿ ಬಿದ್ದಾಗ, ಎದೆನೋವು ಬಂದಾಗ ಕಾಯೋಕೆ ಆಗುತ್ತಾ?

ಅದೇ ಮೂಲೆಗೆ ಇನ್ನೊಂದು ಅಪಾಯವೂ ಇದೆ. ನೋಟ ಮರೆಯಾಗೋದು. ಎಸ್‌ಯುವಿಯ ಎತ್ತರ 1.6 ಮೀಟರ್ ಮೇಲೆ. ಏಳು ವರ್ಷದ ಮಗುವಿನ ಎತ್ತರ 1.2 ಮೀಟರ್ ಆಸುಪಾಸು. ಮೂಲೆಗೆ ಅಂಟಿಕೊಂಡು ನಿಂತ ಗಾಡಿಯ ಹಿಂದೆ ಮಗು ಇದೆ ಅನ್ನೋದು ಬರುತ್ತಿರುವ ಡ್ರೈವರ್‌ಗೆ ಕಾಣೋದೇ ಇಲ್ಲ. ಮಗು ಎರಡು ಹೆಜ್ಜೆ ಮುಂದೆ ಬಂದ ಮೇಲಷ್ಟೇ ಕಾಣುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಸೆಕೆಂಡಿಗೆ 8 ಮೀಟರ್‌ಗಿಂತ ಹೆಚ್ಚು ಹೋಗುತ್ತದೆ. ನೋಡಿ ಬ್ರೇಕ್ ತುಳಿಯೋಕೆ ಒಂದು ಸೆಕೆಂಡ್, ಆಮೇಲೆ ನಿಲ್ಲೋಕೆ ಇನ್ನೊಂದು 5 ಮೀಟರ್. ಒಟ್ಟು 13 ಮೀಟರ್. ಸಾಲಾಗಿ ನಿಂತ ಮೂರು ಕಾರಿನಷ್ಟು ದೂರ. ವೇಗ 40 ಇದ್ದರೆ ಇದು 20 ಮೀಟರ್ ಆಗುತ್ತದೆ. ಎರಡು ಹೆಜ್ಜೆ ಎಲ್ಲಿ, 13 ಮೀಟರ್ ಎಲ್ಲಿ?

ಕ್ರಾಸಿನಿಂದ ಮೇನ್ ರೋಡಿಗೆ ಬರುವ ಸ್ಕೂಟರ್ ಸವಾರರ ಪಾಡೂ ಇದೇ. ನಮ್ಮಲ್ಲಿ ಎಡಗಡೆ ಸಂಚಾರ, ಹಾಗಾಗಿ ಅವರಿಗೆ ಮೊದಲ ಅಪಾಯ ಬಲದಿಂದ. ಬಲಕ್ಕೆ ಕಾರು ನಿಂತಿದ್ದರೆ ಮುಂದಿನ ಚಕ್ರವನ್ನು ರಸ್ತೆಗೆ ಚಾಚಿ ಇಣುಕಬೇಕು. ನೋಡೋಕೆ ಅಂತ ಚಾಚಿದ ಚಕ್ರವೇ ಪೆಟ್ಟು ತಿನ್ನುತ್ತದೆ.

ಫ್ರೀಮಾಂಟ್‌ನಲ್ಲೂ ಇದೇ ಗೊಂದಲ

ಇದು ನಮ್ಮೂರಿನ ತಲೆನೋವು ಮಾತ್ರ ಅಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನ್ನಿವೇಲ್‌ನಂಥ ಉಪನಗರಗಳಲ್ಲಿ ಕನ್ನಡಿಗರು ಸಾಕಷ್ಟಿದ್ದಾರೆ. ಪಾದಚಾರಿಗಳು ರಸ್ತೆ ದಾಟುವ ಜಾಗಕ್ಕೆ ವಾಹನ ಬರುವ ಬದಿಯಲ್ಲಿ 20 ಅಡಿ, ಅಂದ್ರೆ 6 ಮೀಟರ್, ಖಾಲಿ ಬಿಡಬೇಕು ಎಂಬ ಕಾನೂನಿಗೆ ಅಲ್ಲಿ 2023ರಲ್ಲಿ ಸಹಿ ಬಿತ್ತು. ಮೊದಲ ವರ್ಷ ಬಹುತೇಕ ಎಚ್ಚರಿಕೆ ಚೀಟಿ ಮಾತ್ರ. 2025ರ ಜನವರಿ 1ರಿಂದ ದಂಡ. ಅಂಚಿಗೆ ಕೆಂಪು ಬಣ್ಣ ಬಳಿದಿರಲೇಬೇಕು ಅಂತೇನಿಲ್ಲ. 'ಬಣ್ಣವೇ ಇಲ್ಲ, ಬೋರ್ಡೇ ಇಲ್ಲ, ನಂಗೆ ಹೇಗೆ ಗೊತ್ತಾಗಬೇಕು' ಅನ್ನೋದು ಅಲ್ಲಿಯ ದೂರು. ನಮ್ಮ ದೂರಿಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ?

ಆದರೂ ಅಲ್ಲಿ ಒಂದು ಸಂಖ್ಯೆ ಇದೆ. ಇಪ್ಪತ್ತಡಿ. ಯಾರು ಬೇಕಾದರೂ ಅಳೆಯಬಹುದು, ವಾದ ಮಾಡಬಹುದು. ನ್ಯೂಜೆರ್ಸಿಯ ಹೋಬೋಕನ್ ಎಂಬ ಸಣ್ಣ, ಒತ್ತೊತ್ತಾದ ಊರು ಇನ್ನೂ ಮುಂದೆ ಹೋಯಿತು. ಮೂಲೆಗಳಲ್ಲಿ ಕಾರು ನಿಲ್ಲದಂತೆ ಕಂಬ, ಹೂವಿನ ತೊಟ್ಟಿ, ಸೈಕಲ್ ಸ್ಟ್ಯಾಂಡ್ ಇಟ್ಟಿತು. 2017ರ ಜನವರಿ ನಂತರ ಏಳು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ರಸ್ತೆ ಅಪಘಾತದಲ್ಲಿ ಒಂದೂ ಸಾವಾಗಲಿಲ್ಲ. ಪೂರ್ತಿ ಶ್ರೇಯ ಮೂಲೆಗೇ ಕೊಡೋದು ತಪ್ಪು. ಅವರು ವೇಗದ ಮಿತಿಯನ್ನೂ ಇಳಿಸಿದರು, ರಸ್ತೆ ದಾಟುವ ಜಾಗಗಳನ್ನೂ ಸರಿಮಾಡಿದರು. ಆದರೆ ಮೂಲೆ ಖಾಲಿ ಮಾಡೋದು ಅವುಗಳಲ್ಲಿ ಅಗ್ಗದ ಕೆಲಸ.

ಪಾರ್ಕಿಂಗ್ ಜಾಗ ತೋರಿಸಿದರೆ ಮಾತ್ರ ಕಾರು ಅನ್ನೋ ಮಾತಿಗೆ ಎಲ್ಲರೂ ಜಪಾನ್ ಉದಾಹರಣೆ ಕೊಡುತ್ತಾರೆ. ಅಲ್ಲಿಯ ಕಾನೂನು 1962ರದು. ಮನೆಯಿಂದ 2 ಕಿಲೋಮೀಟರ್ ಒಳಗೆ ಜಾಗ ಇದೆ ಎಂದು ಪೊಲೀಸರಿಂದ ಪ್ರಮಾಣಪತ್ರ ತರಬೇಕು. ನಾವು ಮರೆಯೋದು ಏನಂದ್ರೆ, ಆಗ ಜಪಾನಿನಲ್ಲಿ ಮನೆಮನೆಗೆ ಕಾರು ಇನ್ನೂ ಬಂದಿರಲಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿ ವರ್ಷಗಳಾದವು. ಈಗ ನಿಯಮ ತಂದರೂ ಅದು ಹಿಡಿಯೋದು ನಾಳೆಯ ಕಾರನ್ನು. ನಿನ್ನೆಯ ಕಾರು ಮೂಲೆಯಲ್ಲೇ ಇರುತ್ತದೆ.

ವಿರೋಧಿಸುವವರ ಮಾತಲ್ಲೂ ಹುರುಳಿದೆ

'ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದ್ದೀವಲ್ಲ, ಮತ್ತೆ ಯಾಕೆ ದುಡ್ಡು' ಅನ್ನೋದು ಮೊದಲ ಆಕ್ಷೇಪ. ಕರ್ನಾಟಕದಲ್ಲಿ ಈ ತೆರಿಗೆ ಸಣ್ಣ ಮೊತ್ತವೇನಲ್ಲ. ಪೆಟ್ರೋಲ್, ಡೀಸೆಲ್ ಕಾರಿನ ಬೆಲೆಯ ಮೇಲೆ ಶೇ. 13ರಿಂದ 18, ಸೆಸ್ ಬೇರೆ. ಸಿಟ್ಟು ಅರ್ಥವಾಗುತ್ತದೆ. ಆದರೆ ತೆರಿಗೆ ಕಟ್ಟಿದ್ದು ರಸ್ತೆ ಮೇಲೆ ಓಡಿಸೋಕೆ, ರಸ್ತೆಯ ತುಂಡೊಂದನ್ನು ಇಟ್ಟುಕೊಳ್ಳೋಕೆ ಅಲ್ಲ. ಒಂದು ಕಾರು ಹಿಡಿಯುವ ಜಾಗ ಸುಮಾರು 10 ಚದರ ಮೀಟರ್. ಪಿಜಿಯ ಒಂದು ರೂಮಿನಷ್ಟು. ಆ ರೂಮಿಗೆ ತಿಂಗಳ ಬಾಡಿಗೆ ಎಷ್ಟು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. 2021ರ ಪ್ರಸ್ತಾವದಲ್ಲಿ ದೊಡ್ಡ ಎಸ್‌ಯುವಿಗೆ ಕೇಳಿದ್ದು ದಿನಕ್ಕೆ 14 ರೂಪಾಯಿ ಲೆಕ್ಕ.

ಎರಡನೆಯದು ಬಾಡಿಗೆದಾರರ ಮಾತು. ಮೂರು ಮಹಡಿ ಮನೆ, ಮೂರು ಸಂಸಾರ, ಕೆಳಗೆ ಓನರ್ ಕಾರಿಗೆ ಮಾತ್ರ ಜಾಗ. ಪಾರ್ಕಿಂಗ್ ಅಂತ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಕಟ್ಟಡ ಎದ್ದ ಮೇಲೆ ಅಂಗಡಿಯೋ ಒಂದು ರೂಮೋ ಬಂದಿರುತ್ತದೆ. ಅದರ ಬಾಡಿಗೆ ಓನರ್‌ಗೆ, ಬೀದಿ ಪಾರ್ಕಿಂಗ್ ದಂಡ ಬಾಡಿಗೆದಾರನಿಗೆ. ಇದು ನ್ಯಾಯವಾದ ದೂರು. ನಕ್ಷೆ ಉಲ್ಲಂಘನೆ ಹಿಡಿಯದೆ ಬೀದಿಯಲ್ಲಿ ನಿಂತವರನ್ನು ಮಾತ್ರ ಹಿಡಿದರೆ ತಪ್ಪು ಮಾಡಿದವರು ಒಬ್ಬರು, ದಂಡ ಕಟ್ಟೋರು ಇನ್ನೊಬ್ಬರು.

ಮೂರನೆಯದು ಕೇಳೋಕೆ ವಿಚಿತ್ರ ಅನ್ನಿಸಿದರೂ ನಿಜ. ಎರಡೂ ಬದಿ ಕಾರು ನಿಂತ ಬೀದಿಯಲ್ಲಿ ಯಾರೂ ಜೋರಾಗಿ ಓಡಿಸೋಕೆ ಆಗಲ್ಲ. ಒಂದು ಬದಿ ಖಾಲಿ ಮಾಡಿದ ಕೂಡಲೇ ಕ್ರಾಸ್ ರಸ್ತೆ ಮೇನ್ ರೋಡಿಗೆ ಶಾರ್ಟ್‌ಕಟ್ ಆಗುತ್ತದೆ. ಹಾಗಾಗಿ ಬೀದಿಯ ನಡುಭಾಗದ ಪಾರ್ಕಿಂಗ್ ತೆಗೆಯುವಾಗ ವೇಗಕ್ಕೆ ಬೇರೆ ಕಡಿವಾಣ ಬೇಕು. ಮೂಲೆಗೆ ಈ ವಾದ ಹೊಂದುವುದಿಲ್ಲ. ಮೂಲೆಯಲ್ಲಿ ನಿಂತ ಕಾರು ನೋಟವನ್ನು ಮುಚ್ಚುತ್ತದೆ, ಅದರ ಲಾಭ ಯಾರಿಗೂ ಇಲ್ಲ.

ಯಾವ ನಿಯಮಕ್ಕೆ ಎಷ್ಟು ಬೆಲೆ

ಒಂದು ಬೀದಿ ತಗೊಳ್ಳಿ. ಎರಡೂ ಕಡೆ ಹತ್ತತ್ತು ಸೈಟು. ಸೈಟಿನ ಮುಂಭಾಗ 30 ಅಡಿ, ಗೇಟಿಗೆ ಹತ್ತಡಿ ಬಿಟ್ಟರೆ ಒಂದು ಕಾರಿನ ಜಾಗ. ಒಟ್ಟು 20 ಕಾರು. ಮನೆಗಳು ಮೂರು ಮಹಡಿ ಅಂದ್ರೆ 60 ಸಂಸಾರ.

ಒಂದು ಬದಿ ಪೂರ್ತಿ ನಿಷೇಧಿಸಿದರೆ 20ರಲ್ಲಿ 10 ಹೋಗುತ್ತದೆ. ಬೀದಿಯಲ್ಲಿ ಯುದ್ಧವೇ ಶುರು. ನಾಲ್ಕು ಮೂಲೆಗಳಲ್ಲಿ ಆರಾರು ಮೀಟರ್ ಖಾಲಿ ಬಿಟ್ಟರೆ ಹೋಗೋದು 4. ಹದಿನಾರು ಉಳಿಯುತ್ತದೆ. ಫೈರ್ ಎಂಜಿನ್ ತಿರುಗುತ್ತದೆ, ಮಗು ಕಾಣುತ್ತದೆ, ಸ್ಕೂಟರ್ ಇಣುಕಬೇಕಾಗಿಲ್ಲ. 30 ಅಡಿ ರಸ್ತೆಗೆ ಮೊದಲ ಹೆಜ್ಜೆಯಾಗಿ ಇಷ್ಟು ಸಾಕು. 20 ಅಡಿ ರಸ್ತೆಗೆ ಸಾಲದು, ಅಲ್ಲಿ ಒಂದು ಬದಿ ಬಿಡಲೇಬೇಕು. ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ ನಿಲ್ಲಿಸೋದು ಬೆಂಗಳೂರಿಗೆ ಹೊಸದಲ್ಲ, ಅಂಥ ಕಡೆ ಅದೇ ನಡೆಯಬಹುದು. ಇಡೀ ಊರಿಗೆ ಒಂದೇ ನಿಯಮ ಅಂದಾಗಲೇ ಎಡವಟ್ಟಾಗೋದು.

ಪರ್ಮಿಟ್ ಮಾತ್ರ ತಂದರೆ ಏನಾಗುತ್ತದೆ? 20 ಜಾಗ ಇರುವ ಬೀದಿಗೆ 40 ಪರ್ಮಿಟ್ ಕೊಟ್ಟರೆ ದುಡ್ಡು ಕಟ್ಟಿದವರೂ ರಾತ್ರಿ ಜಾಗ ಹುಡುಕಬೇಕು. ಸಿಗದಿದ್ದಾಗ ನಿಲ್ಲಿಸೋದು ಎಲ್ಲಿ? ಮೂಲೆಯಲ್ಲೇ. 'ದುಡ್ಡು ಕಟ್ಟಿದ್ದೀನಲ್ಲ' ಅನ್ನೋ ಧೈರ್ಯ ಬೇರೆ. ಮೇನ್ ರೋಡಿನಲ್ಲಿ ಮಾತ್ರ ಪೇ ಅಂಡ್ ಪಾರ್ಕ್ ತಂದರೆ ಅಲ್ಲಿಯ ಗಾಡಿಗಳು ಪಕ್ಕದ ಕ್ರಾಸಿಗೆ ನುಗ್ಗುತ್ತವೆ. ಅಲ್ಲೂ ಮೊದಲು ತುಂಬೋದು ಮೂಲೆ, ಅದೇ ತಾನೆ ಮೇನ್ ರೋಡಿಗೆ ಹತ್ತಿರ? ಗುರುತು ಹಾಕದೆ ಟೋಯಿಂಗ್ ತಂದರೆ 2022ರ ಜಗಳವೇ ಮತ್ತೊಮ್ಮೆ. ಸುಲಭಕ್ಕೆ ಸಿಗುವ ಸ್ಕೂಟರ್ ಹೋಗುತ್ತದೆ, ಮೂಲೆಯ ಭಾರಿ ಎಸ್‌ಯುವಿ ಅಲ್ಲೇ ಉಳಿಯುತ್ತದೆ.

ಹಾಗಾಗಿ ಶುಲ್ಕದ ಜಗಳವನ್ನೂ ಸುರಕ್ಷತೆಯ ಕೆಲಸವನ್ನೂ ಬೇರೆ ಮಾಡಬೇಕು. ಶುಲ್ಕ ಎಷ್ಟು, ಯಾರಿಗೆ ವಿನಾಯಿತಿ ಅನ್ನೋದು ವರ್ಷಗಟ್ಟಲೆ ಎಳೆದರೂ ಎಳೆಯಲಿ. ಮೂಲೆಗೆ ಬಣ್ಣ ಬಳಿಯೋಕೆ ಅದಕ್ಕಾಗಿ ಕಾಯಬೇಕಾಗಿಲ್ಲ. ಹೊಸ ಕಾನೂನು ಬೇಡ, ನೋಂದಣಿ ನಿಯಮ ಬದಲಿಸೋದು ಬೇಡ. ಪಾಲಿಕೆಯವರು ಗುರುತು ಹಾಕಬೇಕು, ಅದೇ ಗುರುತಿನ ಮೇಲೆ ಪೊಲೀಸರು ದಂಡ ಹಾಕಬೇಕು. ಬಣ್ಣ ಒಂದು ಮಳೆಗಾಲಕ್ಕೆ ಮಾಸುತ್ತದೆ ಅನ್ನೋದು ನಿಜವೇ. ಅದಕ್ಕೆ ಕಂಬವೋ ಕಲ್ಲೋ ನೆಡಬೇಕಾಗುತ್ತದೆ, ಫೈರ್ ಎಂಜಿನ್ ತಿರುಗುವ ಒಳಮೂಲೆಯನ್ನು ಬಿಟ್ಟು.

ಅಂಥ ಕಂಬ ಮಾಡೋದು ಬಡಾವಣೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಖಾಲಿ ಪೇಂಟ್ ಡಬ್ಬಕ್ಕೆ ಸಿಮೆಂಟ್ ತುಂಬಿ, ನಡುವೆ ಒಂದು ಪೈಪು ನಿಲ್ಲಿಸಿ, 'ಗೇಟ್ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು' ಎಂಬ ಬೋರ್ಡ್ ತೂಗುಹಾಕಿದ್ದು ಪ್ರತಿ ಬೀದಿಯಲ್ಲೂ ಇದೆ. ಈಗ ಅದು ಕಾಯುತ್ತಿರೋದು ಗೇಟನ್ನು. ನಾಲ್ಕು ಮನೆ ದಾಟಿದರೆ ಮೂಲೆ.